ಕಾರಿನ ಮುಂಭಾಗದ ಸಸ್ಪೆನ್ಷನ್ ಶಬ್ದದ ಪತ್ತೆ

ಕಾರಿನ ಮುಂಭಾಗದ ಸಸ್ಪೆನ್ಷನ್ ಶಬ್ದದ ಪತ್ತೆ ಎಂಬುದು ವಾಹನ ದುರಸ್ತಿಯಲ್ಲಿ ಬಳಸುವ ಒಂದು ಪರೀಕ್ಷಾ ಕ್ರಮ. ಸ್ಟ್ರಟ್, ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್, ಲೋವರ್ ಆರ್ಮ್ ಮೊದಲಾದ ಭಾಗಗಳನ್ನು ಬದಲಿಸಿದ ಮೇಲೆ ಕಾರಿನ ಮುಂಭಾಗದಲ್ಲಿ ಹೊಸದಾಗಿ ಹುಟ್ಟಿಕೊಂಡ ಅಥವಾ ಮೊದಲಿನಂತೆಯೇ ಉಳಿದುಕೊಂಡ ಶಬ್ದದ ಮೂಲವನ್ನು ಗುರುತಿಸಲು ಇದನ್ನು ಅನುಸರಿಸಲಾಗುತ್ತದೆ. ಇಂತಹ ಶಬ್ದಕ್ಕೆ ಹೊಸ ಬಿಡಿಭಾಗದ ದೋಷಕ್ಕಿಂತ ಜೋಡಣೆಯ ಲೋಪವೇ ಹೆಚ್ಚಾಗಿ ಕಾರಣವಾಗಿರುತ್ತದೆ. ಆದುದರಿಂದ ಮತ್ತೊಂದು ಭಾಗವನ್ನು ಬದಲಿಸುವ ಮೊದಲು, ಶಬ್ದವು ಯಾವ ಸಂದರ್ಭದಲ್ಲಿ, ಯಾವ ಬದಿಯಿಂದ, ಯಾವ ಬಗೆಯಲ್ಲಿ ಕೇಳಿಬರುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳುವುದು ಈ ಕ್ರಮದ ಮೂಲ ನಿಯಮ. ಕೆಲವು ಶಬ್ದಗಳು ಕೇವಲ ಕಿರಿಕಿರಿ ಉಂಟುಮಾಡಿದರೆ, ಇನ್ನು ಕೆಲವು ಚಕ್ರ, ಬ್ರೇಕ್ ಅಥವಾ ಸ್ಟಿಯರಿಂಗ್ ಕಳಚುವ ಅಪಾಯದ ಮುನ್ಸೂಚನೆಗಳಾಗಿರುತ್ತವೆ.

ಹಿನ್ನೆಲೆ

ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಹಿಂದೂಸ್ತಾನ್ ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ಟಾರ್ಷನ್ ಬಾರ್ ಎಂಬ ತಿರುಚು ಸರಳಿನ ಸಸ್ಪೆನ್ಷನ್ ಇದ್ದಿತು. ಅದರ ಕೀಲುಗಳಿಗೆ ನಿಪ್ಪಲ್‌ಗಳ ಮೂಲಕ ಆಗಾಗ ಗ್ರೀಸ್ ತುಂಬಬೇಕಾಗುತ್ತಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಕೀಲುಗಳನ್ನು ಕಾರ್ಖಾನೆಯಲ್ಲಿಯೇ ಗ್ರೀಸ್ ತುಂಬಿ ಮುಚ್ಚಲಾಗಿರುತ್ತದೆ. ಇತರ ಸಂಧಿಗಳಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ಹೀಗಾಗಿ ಗ್ರೀಸ್ ಹಚ್ಚಿ ಶಬ್ದವನ್ನು ನಿಲ್ಲಿಸುವ ಹಳೆಯ ಉಪಾಯವು ಇಂದಿನ ಕಾರುಗಳಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ.

ಇಂದಿನ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳ ಮುಂಭಾಗದಲ್ಲಿ ಅತ್ಯಂತ ಹೆಚ್ಚಾಗಿ ಕಂಡುಬರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಎಸ್. ಮ್ಯಾಕ್‌ಫರ್ಸನ್ ಅವರು ಜನರಲ್ ಮೋಟಾರ್ಸ್ ಸಂಸ್ಥೆಯ ಷೆವರ್ಲೆ ವಿಭಾಗದಲ್ಲಿ ಸಣ್ಣ ಕಾರಿನ ಯೋಜನೆಯೊಂದರಲ್ಲಿ ತೊಡಗಿದ್ದಾಗ ಈ ವಿನ್ಯಾಸವನ್ನು ರೂಪಿಸಿದರು. ಆ ಯೋಜನೆ ಕೈಬಿಟ್ಟುಹೋದ ಬಳಿಕ ೧೯೪೭ರಲ್ಲಿ ಅವರು ಫೋರ್ಡ್ ಸಂಸ್ಥೆಯನ್ನು ಸೇರಿದರು. ೧೯೫೦ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಫೋರ್ಡ್ ಕಾನ್ಸಲ್ ಮತ್ತು ಝೆಫಿರ್ ಕಾರುಗಳಲ್ಲಿ ಈ ಸಸ್ಪೆನ್ಷನ್ ಬಳಕೆಯಾಯಿತು. ಭಾರತದಲ್ಲಿ ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦ ಕಾರಿನ ಮುಂಭಾಗದಲ್ಲಿಯೂ ಇದೇ ಬಗೆಯ ಸ್ಟ್ರಟ್ ಇದ್ದಿತು. ಈ ಲೇಖನದ ವಿವರಣೆ ಮುಖ್ಯವಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರುಗಳಿಗೆ ಸಂಬಂಧಿಸಿದೆ.

ರಚನೆ

ಶಬ್ದದ ಮೂಲವನ್ನು ಹುಡುಕಲು ಭಾಗಗಳ ಸಂಬಂಧವನ್ನು ತಿಳಿದಿರುವುದು ಅಗತ್ಯ. ಮುಂಭಾಗದ ಪ್ರತಿಯೊಂದು ಬದಿಯಲ್ಲಿಯೂ ಈ ಕೆಳಗಿನ ಭಾಗಗಳಿರುತ್ತವೆ:

- ಸ್ಟ್ರಟ್: ಕಂಪನವನ್ನು ತಗ್ಗಿಸುವ ಶಾಕ್ ಅಬ್ಸಾರ್ಬರ್ ಮತ್ತು ಅದನ್ನು ಸುತ್ತುವರಿದ ಕಾಯಿಲ್ ಸ್ಪ್ರಿಂಗ್ ಸೇರಿದ ಜೋಡಣೆ. ಇದರ ಕೆಳತುದಿಯು ಚಕ್ರವನ್ನು ಹೊರುವ ನಕಲ್‌ಗೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ.
- ಸ್ಟ್ರಟ್ ಮೌಂಟ್: ಸ್ಟ್ರಟ್‌ನ ಮೇಲ್ತುದಿಯನ್ನು ಕಾರಿನ ದೇಹಕ್ಕೆ ಸೇರಿಸುವ ರಬ್ಬರ್ ಮತ್ತು ಲೋಹದ ಭಾಗ. ಸ್ಟಿಯರಿಂಗ್ ತಿರುಗಿಸಿದಾಗ ಸ್ಟ್ರಟ್ ಕೂಡ ತಿರುಗುವುದರಿಂದ ಇಲ್ಲಿ ಒಂದು ಬೇರಿಂಗ್ ಇರುತ್ತದೆ.
- ಬಂಪ್ ಸ್ಟಾಪ್ ಮತ್ತು ಧೂಳುಗವಸು: ಸ್ಟ್ರಟ್ ಪೂರ್ಣವಾಗಿ ಕುಗ್ಗಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ಮೆತ್ತೆ, ಹಾಗೂ ಪಿಸ್ಟನ್ ಸರಳಿಗೆ ಧೂಳು ತಾಗದಂತೆ ಮುಚ್ಚುವ ಹೊದಿಕೆ.
- ಲೋವರ್ ಆರ್ಮ್: ನಕಲ್‌ನ ಕೆಳಭಾಗವನ್ನು ಕಾರಿನ ಚೌಕಟ್ಟಿಗೆ ಸೇರಿಸುವ ತೋಳು. ಚೌಕಟ್ಟಿನ ಬದಿಯಲ್ಲಿ ರಬ್ಬರ್ ಬುಷ್‌ಗಳೂ, ಚಕ್ರದ ಬದಿಯಲ್ಲಿ ಬಾಲ್ ಜಾಯಿಂಟ್ ಕೂಡ ಇರುತ್ತವೆ.
- ಸ್ಟೆಬಿಲೈಜರ್ ಬಾರ್ ಮತ್ತು ಲಿಂಕ್ ರಾಡ್: ತಿರುವಿನಲ್ಲಿ ಕಾರು ಒಂದು ಬದಿಗೆ ವಾಲುವುದನ್ನು ತಗ್ಗಿಸುವ, ಎರಡೂ ಬದಿಗಳನ್ನು ಜೋಡಿಸುವ ಉಕ್ಕಿನ ಸರಳು ಮತ್ತು ಅದರ ಎರಡು ತುದಿಗಳ ಕೊಂಡಿಗಳು.
- ಟೈ ರಾಡ್: ಸ್ಟಿಯರಿಂಗ್ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳು.

ಒಂದು ಸ್ಟ್ರಟ್ ಬದಲಿಸಲು ಬ್ರೇಕ್ ಪೈಪಿನ ಹಿಡಿಕೆ, ಚಕ್ರವೇಗದ ಸೆನ್ಸರ್ ತಂತಿ, ಲಿಂಕ್ ರಾಡ್, ನಕಲ್ ಬೋಲ್ಟುಗಳು ಮತ್ತು ಮೇಲಿನ ಮೌಂಟ್ ಇವೆಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತದೆ. ಕೆಲಸದ ವೇಳೆ ಕೈಬಿದ್ದ ಪ್ರತಿಯೊಂದು ಸ್ಥಳವೂ ಆಮೇಲಿನ ಶಬ್ದಕ್ಕೆ ಸಂಭಾವ್ಯ ಮೂಲ.

ಬದಲಾವಣೆಯ ನಂತರ ಶಬ್ದ ಬರುವ ಕಾರಣಗಳು

ಕಾರಣಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಜೋಡಣೆಯ ಲೋಪ. ನಟ್ಟು ಸಡಿಲವಾಗಿ ಉಳಿದಿರುವುದು, ಮೆತ್ತೆ ಅಥವಾ ವಾಷರ್ ಬಿಟ್ಟುಹೋಗಿರುವುದು, ಸ್ಪ್ರಿಂಗ್ ತನ್ನ ಪೀಠದಲ್ಲಿ ಸರಿಯಾಗಿ ಕೂರದಿರುವುದು, ಬೇರಿಂಗ್ ತಲೆಕೆಳಗಾಗಿ ಕೂತಿರುವುದು ಇತ್ಯಾದಿ ಈ ಗುಂಪಿಗೆ ಸೇರುತ್ತವೆ.

ಎರಡನೆಯದು ಉಳಿದುಕೊಂಡ ಹಳೆಯ ಭಾಗಗಳ ಸವೆತ. ಹೊಸ ಶಾಕ್ ಅಬ್ಸಾರ್ಬರ್ ಹಳೆಯದಕ್ಕಿಂತ ಬಿಗಿಯಾಗಿರುತ್ತದೆ. ಬಿರುಕು ಬಿಟ್ಟ ಬುಷ್ ಅಥವಾ ಸಡಿಲಗೊಂಡ ಲಿಂಕ್ ರಾಡ್ ಮೊದಲು ಮೌನವಾಗಿದ್ದರೂ, ಹೆಚ್ಚಿನ ಬಲ ಬೀಳತೊಡಗಿದಾಗ ಸದ್ದು ಮಾಡತೊಡಗುತ್ತದೆ. ಹಳೆಯ ಸ್ಟ್ರಟ್‌ನ ದೊಡ್ಡ ಶಬ್ದದ ಹಿಂದೆ ಅಡಗಿದ್ದ ಸಣ್ಣ ಶಬ್ದವೊಂದು ಈಗ ಪ್ರತ್ಯೇಕವಾಗಿ ಕೇಳಿಸುವುದೂ ಉಂಟು.

ಮೂರನೆಯದು ಆರಂಭದಲ್ಲಿಯೇ ಆದ ತಪ್ಪು ನಿರ್ಣಯ. ಲಿಂಕ್ ರಾಡ್ ಅಥವಾ ಬ್ರೇಕ್ ಪ್ಯಾಡಿನ ಶಬ್ದವನ್ನು ಸ್ಟ್ರಟ್‌ನ ಶಬ್ದವೆಂದು ಭಾವಿಸಿ ಸ್ಟ್ರಟ್ ಬದಲಿಸಿದರೆ, ಹಣ ವ್ಯಯವಾದ ಮೇಲೂ ಶಬ್ದವು ಮೊದಲಿನಂತೆಯೇ ಉಳಿಯುತ್ತದೆ.

ನಾಲ್ಕನೆಯದು ಬಿಡಿಭಾಗದ ದೋಷ ಅಥವಾ ಹೊಂದಿಕೆಯಿಲ್ಲದ ಬಿಡಿಭಾಗ. ಒಂದೇ ಹೆಸರಿನ ಕಾರಿನ ಬೇರೆ ಬೇರೆ ಮಾದರಿಗಳಲ್ಲಿ ಸ್ಪ್ರಿಂಗ್, ಮೌಂಟ್ ಮತ್ತು ಲಿಂಕ್ ರಾಡಿನ ಉದ್ದ ಭಿನ್ನವಾಗಿರಬಹುದು. ಮೊದಲ ಮೂರು ಗುಂಪುಗಳನ್ನು ಪರಿಶೀಲಿಸಿ ತಳ್ಳಿಹಾಕಿದ ಮೇಲಷ್ಟೇ ಈ ನಿರ್ಣಯಕ್ಕೆ ಬರುವುದು ಯುಕ್ತವೆನಿಸುತ್ತದೆ.

ಶಬ್ದದ ಬಗೆಗಳು

ಶಬ್ದವನ್ನು ನಿಖರವಾಗಿ ವರ್ಣಿಸುವುದು ಪತ್ತೆಯ ಮೊದಲ ಹೆಜ್ಜೆ. 'ಮುಂದೆ ಏನೋ ಸದ್ದು ಬರುತ್ತಿದೆ' ಎಂಬ ದೂರಿನಿಂದ ಮೆಕ್ಯಾನಿಕ್‌ಗೆ ಹೆಚ್ಚಿನ ನೆರವು ದೊರೆಯುವುದಿಲ್ಲ. ಕನ್ನಡದಲ್ಲಿ ಹೇರಳವಾಗಿರುವ ಅನುಕರಣಾವ್ಯಯಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ.

- ಟಕ್: ಬ್ರೇಕ್ ಒತ್ತಿದಾಗ ಅಥವಾ ಕಾರು ಹೊರಟಾಗ ಒಮ್ಮೆ ಮಾತ್ರ ಕೇಳುವ ಶಬ್ದ. ಲೋವರ್ ಆರ್ಮ್ ಬುಷ್, ಸಡಿಲ ಬೋಲ್ಟು ಅಥವಾ ಎಂಜಿನ್ ಮೌಂಟ್ ಇದಕ್ಕೆ ಕಾರಣವಾಗಿರಬಹುದು.
- ಕಟಕಟ ಅಥವಾ ಲೊಟಲೊಟ: ಸಣ್ಣ ಏರುತಗ್ಗಿನ ರಸ್ತೆಯಲ್ಲಿ ಬಿಟ್ಟುಬಿಡದೆ ಕೇಳುವ ಶಬ್ದ. ಲಿಂಕ್ ರಾಡ್, ಸ್ಟ್ರಟ್‌ನ ಮೇಲ್ತುದಿಯ ನಟ್ಟು ಅಥವಾ ಬ್ರೇಕ್ ಪ್ಯಾಡ್ ಕಾರಣವಾಗಿರಬಹುದು.
- ಧಡ್: ಗುಂಡಿಗೆ ಚಕ್ರ ಇಳಿದಾಗ ಅಥವಾ ಉಬ್ಬು ದಾಟಿದಾಗ ಕೇಳುವ ಭಾರವಾದ ಶಬ್ದ. ಬಂಪ್ ಸ್ಟಾಪ್ ಇಲ್ಲದಿರುವುದು, ಮೌಂಟ್ ಸಡಿಲವಾಗಿರುವುದು ಅಥವಾ ಶಾಕ್ ಅಬ್ಸಾರ್ಬರಿನ ದೋಷ ಇದಕ್ಕೆ ಕಾರಣ.
- ಟಣ್: ನಿಂತಲ್ಲಿಯೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಚಿಮ್ಮಿದಂತೆ ಕೇಳುವ ಶಬ್ದ. ಮೇಲಿನ ಬೇರಿಂಗ್ ಬಿಗಿದುಕೊಂಡಿರುವುದರ ಅಥವಾ ಸ್ಪ್ರಿಂಗ್ ತಪ್ಪಾಗಿ ಕೂತಿರುವುದರ ಲಕ್ಷಣ.
- ಕಿರ್ರ್: ಕಾರು ನಿಧಾನವಾಗಿ ಮೇಲೆ ಕೆಳಗೆ ಆಡಿದಾಗ ಹಳೆಯ ಬಾಗಿಲಿನಂತೆ ಕೇಳುವ ಶಬ್ದ. ರಬ್ಬರ್ ಬುಷ್‌ಗಳು ತಿರುಚಿದ ಸ್ಥಿತಿಯಲ್ಲಿ ಬಿಗಿಯಲ್ಪಟ್ಟಿರುವುದು ಇದರ ಸಾಮಾನ್ಯ ಕಾರಣ.
- ಟಿಕ್ ಟಿಕ್: ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಕೇಳುವ ಶಬ್ದ. ಡ್ರೈವ್ ಶಾಫ್ಟಿನ ಹೊರತುದಿಯ ಕೀಲಿನ ಸವೆತವನ್ನು ಸೂಚಿಸುತ್ತದೆ.
- ಗುಂಯ್: ವೇಗದೊಂದಿಗೆ ಏರುವ ಗುಂಗುಡುವಿಕೆ. ಚಕ್ರದ ಬೇರಿಂಗ್ ಅಥವಾ ಟೈರಿನ ಅಸಮ ಸವೆತ ಇದಕ್ಕೆ ಕಾರಣ.
- ಪರಪರ: ಚಕ್ರ ಸುತ್ತಿದಂತೆ ತಗಡು ಉಜ್ಜುವ ಶಬ್ದ. ಕೆಲಸದ ವೇಳೆ ಬಾಗಿದ ಬ್ರೇಕ್ ಡಿಸ್ಕಿನ ಹಿಂದಿನ ತಗಡಿನಿಂದ ಬರುತ್ತದೆ.

ಪತ್ತೆಯ ಕ್ರಮ

ಸಂಚಾರ ಪರೀಕ್ಷೆ

ಮೊದಲು ಬ್ಯಾಟರಿಯ ಹಿಡಿಕೆ, ಎಂಜಿನ್ನಿನ ಕೆಳಗವಸು, ನಂಬರ್ ಪ್ಲೇಟ್, ಕಾರಿನೊಳಗಿನ ಸಡಿಲ ವಸ್ತುಗಳು ಇವುಗಳನ್ನು ಪರಿಶೀಲಿಸಿ, ಆ ಮೂಲದ ಶಬ್ದಗಳನ್ನು ಹೊರಗಿಡಲಾಗುತ್ತದೆ. ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಸಂಚಾರ ಪರೀಕ್ಷೆಗೆ ಹೊರಡಬಾರದು. ಅನಂತರ ವಾಹನದಟ್ಟಣೆಯಿಲ್ಲದ ರಸ್ತೆಯಲ್ಲಿ, ಕಿಟಕಿಗಳನ್ನು ಇಳಿಸಿ, ರೇಡಿಯೊ ಮತ್ತು ಎ.ಸಿ. ನಿಲ್ಲಿಸಿ, ಗಂಟೆಗೆ ೧೦ರಿಂದ ೨೦ ಕಿ.ಮೀ. ವೇಗದಲ್ಲಿ ಕಾರನ್ನು ಓಡಿಸಲಾಗುತ್ತದೆ. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಓಡಿಸಿದರೆ ಆ ಬದಿಯ ಶಬ್ದವು ಗೋಡೆಗೆ ಬಡಿದು ಸ್ಪಷ್ಟವಾಗಿ ಹಿಂದಿರುಗುತ್ತದೆ.

ರಸ್ತೆಯುಬ್ಬುಗಳು ಈ ಪರೀಕ್ಷೆಗೆ ಉಪಯುಕ್ತ ಸಾಧನಗಳು. ಎರಡೂ ಮುಂಚಕ್ರಗಳು ಏಕಕಾಲಕ್ಕೆ ಉಬ್ಬನ್ನೇರಿದರೆ ಸ್ಟೆಬಿಲೈಜರ್ ಬಾರ್ ತನ್ನ ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ, ತಿರುಚಿಕೊಳ್ಳುವುದಿಲ್ಲ. ಆಗ ಲಿಂಕ್ ರಾಡಿನ ಮೇಲೆ ಹೆಚ್ಚಿನ ಬಲ ಬೀಳದು. ಒಂದೇ ಚಕ್ರ ಗುಂಡಿಗೆ ಇಳಿದಾಗ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಎಳೆಯುತ್ತದೆ. ಆದುದರಿಂದ ಒಂದು ಚಕ್ರ ಮಾತ್ರ ಏರಿಳಿದಾಗ ಶಬ್ದ ಜೋರಾಗಿ, ಎರಡೂ ಚಕ್ರಗಳು ಒಟ್ಟಿಗೆ ಏರಿಳಿದಾಗ ತಗ್ಗಿದರೆ ಲಿಂಕ್ ರಾಡ್ ಅಥವಾ ಬಾರ್‌ನ ಬುಷ್ ಮೊದಲ ಸಂದೇಹಕ್ಕೆ ಅರ್ಹ. ಎರಡೂ ಸಂದರ್ಭಗಳಲ್ಲಿ ಸಮನಾಗಿ ಕೇಳಿದರೆ ಸ್ಟ್ರಟ್, ಮೌಂಟ್ ಅಥವಾ ಲೋವರ್ ಆರ್ಮ್ ಕಡೆಗೆ ಗಮನ ಹರಿಸಬೇಕಾಗುತ್ತದೆ.

ಬ್ರೇಕ್ ಮತ್ತು ಸ್ಟಿಯರಿಂಗ್ ಬಳಸಿ ಇನ್ನೂ ಮೂರು ಪರೀಕ್ಷೆಗಳನ್ನು ನಡೆಸಬಹುದು:

- ಕಟಕಟ ಶಬ್ದ ಬರುತ್ತಿರುವಾಗಲೇ ಬ್ರೇಕ್ ಪೆಡಲನ್ನು ಲಘುವಾಗಿ ಒತ್ತುವುದು. ಶಬ್ದ ನಿಂತರೆ ಅದು ಸಡಿಲವಾದ ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರಿನದು.
- ಬಯಲಿನಲ್ಲಿ ಕಾರನ್ನು ನಡಿಗೆಯ ವೇಗದಲ್ಲಿ ಮುಂದಕ್ಕೂ ಹಿಂದಕ್ಕೂ ಚಲಿಸಿ ಬ್ರೇಕ್ ಹಾಕುವುದು. ದಿಕ್ಕು ಬದಲಾದಾಗಲೆಲ್ಲ ಒಮ್ಮೊಮ್ಮೆ ಟಕ್ ಎಂದರೆ ಲೋವರ್ ಆರ್ಮಿನ ಬುಷ್, ಅದರ ಬೋಲ್ಟು ಅಥವಾ ಚೌಕಟ್ಟಿನ ಬೋಲ್ಟು ಸಡಿಲವಾಗಿರುವ ಸಾಧ್ಯತೆಯಿದೆ.
- ನೇರ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೂ ಬಲಕ್ಕೂ ತೇಲಿಸುವುದು. ಬಲಕ್ಕೆ ತಿರುಗಿದಾಗ ಭಾರವು ಎಡಚಕ್ರದ ಮೇಲೆ ಬೀಳುತ್ತದೆ. ಆಗ ಗುಂಗುಡುವಿಕೆ ಹೆಚ್ಚಾದರೆ ಎಡ ಚಕ್ರದ ಬೇರಿಂಗನ್ನು ಪರಿಶೀಲಿಸಲಾಗುತ್ತದೆ.

ನಿಂತ ವಾಹನದ ಪರೀಕ್ಷೆ

ಬಾನೆಟ್ ತೆರೆದು, ಸಹಾಯಕರೊಬ್ಬರು ಸ್ಟಿಯರಿಂಗನ್ನು ಎರಡೂ ತುದಿಗಳವರೆಗೆ ನಿಧಾನವಾಗಿ ತಿರುಗಿಸುತ್ತಿರುವಾಗ, ಸ್ಟ್ರಟ್ ಮೌಂಟಿನ ಮೇಲೆ ಅಂಗೈಯಿಟ್ಟು ನೋಡಲಾಗುತ್ತದೆ. ಬೇರಿಂಗ್ ಸರಿಯಿದ್ದರೆ ಚಲನೆ ನುಣುಪಾಗಿರುತ್ತದೆ. ದೋಷವಿದ್ದರೆ ತಡೆದು ತಡೆದು ಜಿಗಿದ ಅನುಭವವಾಗುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ ಬೆರಳು ತೂರಿಸುವುದು ಅಪಾಯಕರ.

ಬಾನೆಟ್ಟಿನ ಮೂಲೆಯನ್ನು ಕೆಳಕ್ಕೆ ಒತ್ತಿ ಬಿಡುವ ಪರೀಕ್ಷೆ ಬಹಳ ಹಳೆಯದು. ಶಾಕ್ ಅಬ್ಸಾರ್ಬರ್ ಸರಿಯಿದ್ದರೆ ಕಾರು ಮೇಲೆದ್ದು ಕೂಡಲೇ ನಿಲ್ಲುತ್ತದೆ. ಹೀಗೆ ಒತ್ತುವಾಗ ಕಿರುಗುಟ್ಟಿದರೆ, ಒಂದೊಂದೇ ಬುಷ್ ಮೇಲೆ ನೀರು ಚಿಮುಕಿಸಿ ಮತ್ತೆ ಒತ್ತಲಾಗುತ್ತದೆ. ಯಾವ ಬುಷ್ ಒದ್ದೆಯಾದಾಗ ಶಬ್ದ ತಾತ್ಕಾಲಿಕವಾಗಿ ನಿಲ್ಲುತ್ತದೆಯೋ ಅದೇ ಮೂಲ. ಈ ಪರೀಕ್ಷೆಗೆ ಡೀಸೆಲ್ ಅಥವಾ ಎಂಜಿನ್ ಆಯಿಲ್ ಬಳಸುವುದು ಸರಿಯಲ್ಲ. ಖನಿಜ ತೈಲದಿಂದ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಶಬ್ದ ಕೆಲದಿನ ನಿಂತರೂ ಬುಷ್‌ನ ಆಯುಷ್ಯ ಕುಗ್ಗುತ್ತದೆ.

ಎತ್ತಿದ ವಾಹನದ ಪರೀಕ್ಷೆ

ಕಾರನ್ನು ಗಟ್ಟಿಯಾದ ಸಮತಲದಲ್ಲಿ ಎತ್ತಿ, ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರವನ್ನು ಅಲುಗಾಡಿಸಲಾಗುತ್ತದೆ. ಗಡಿಯಾರದ ೧೨ ಮತ್ತು ೬ರ ಸ್ಥಾನಗಳಲ್ಲಿ ಹಿಡಿದಾಗ ಸಡಿಲ ಕಂಡರೆ ಚಕ್ರದ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ೩ ಮತ್ತು ೯ರ ಸ್ಥಾನಗಳಲ್ಲಿ ಮಾತ್ರ ಕಂಡರೆ ಟೈ ರಾಡಿನ ಕೀಲು ಸಂದೇಹಕ್ಕೆ ಒಳಗಾಗುತ್ತದೆ. ಸಹಾಯಕರು ಬ್ರೇಕ್ ಒತ್ತಿ ಹಿಡಿದಾಗ ಆ ಸಡಿಲ ಮಾಯವಾದರೆ ದೋಷ ಬೇರಿಂಗಿನದು, ಉಳಿದರೆ ಕೀಲಿನದು. ಬುಷ್‌ಗಳನ್ನು ಹಾರೆಯಂತಹ ಮೀಟುಗೋಲಿನಿಂದ ಮೆಲ್ಲಗೆ ಮೀಟಿ, ರಬ್ಬರ್ ಹರಿದಿದೆಯೇ ಎಂದು ನೋಡಲಾಗುತ್ತದೆ.

ಸಡಿಲ ಬೋಲ್ಟುಗಳು ತಮ್ಮ ಗುರುತನ್ನು ತಾವೇ ಬಿಟ್ಟಿರುತ್ತವೆ. ನಟ್ಟಿನ ಸುತ್ತ ಹೊಸದಾಗಿ ಹೊಳೆಯುವ ಲೋಹ ಅಥವಾ ಕೆಂಪು ತುಕ್ಕಿನ ಪುಡಿ ಕಂಡರೆ ಅಲ್ಲಿ ಚಲನೆ ನಡೆಯುತ್ತಿದೆ ಎಂದರ್ಥ. ಸಂದೇಹವಿದ್ದಲ್ಲಿ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಗೆರೆ ಎಳೆದು, ಕೆಲವು ಕಿಲೋಮೀಟರ್ ಓಡಿಸಿ ನೋಡಬಹುದು. ಗೆರೆ ತುಂಡಾಗಿ ಸರಿದಿದ್ದರೆ ನಟ್ಟು ಸಡಿಲವಾಗಿದೆ ಎಂಬುದು ಸಿದ್ಧವಾಗುತ್ತದೆ.

ಲಿಂಕ್ ರಾಡನ್ನು ಪ್ರತ್ಯೇಕಿಸುವ ಪರೀಕ್ಷೆ

ಶಬ್ದವು ಕಾರಿನ ಲೋಹದೇಹದ ಮೂಲಕ ಹರಿಯುವುದರಿಂದ ಎಡಬದಿಯ ಶಬ್ದ ಬಲಬದಿಯದೆಂಬಂತೆ ಕೇಳಿಸುವುದುಂಟು. ಆದುದರಿಂದ ಕಿವಿಯನ್ನಷ್ಟೇ ನಂಬದೆ ಭಾಗವನ್ನು ಪ್ರತ್ಯೇಕಿಸಿ ನೋಡುವುದು ಹೆಚ್ಚು ವಿಶ್ವಾಸಾರ್ಹ. ಎರಡೂ ಬದಿಯ ಲಿಂಕ್ ರಾಡುಗಳನ್ನು ತಾತ್ಕಾಲಿಕವಾಗಿ ಬಿಚ್ಚಿ, ಸಡಿಲ ತುದಿಗಳು ಎಲ್ಲಿಯೂ ತಾಗದಂತೆ ಕಟ್ಟಿ, ಖಾಲಿ ಜಾಗದಲ್ಲಿ ಅತಿ ನಿಧಾನವಾಗಿ ಕಾರನ್ನು ಚಲಿಸಲಾಗುತ್ತದೆ. ಶಬ್ದ ಪೂರ್ತಿ ನಿಂತರೆ ಮೂಲ ದೊರೆತಂತೆ. ಈ ಸ್ಥಿತಿಯಲ್ಲಿ ಕಾರು ತಿರುವಿನಲ್ಲಿ ಹೆಚ್ಚು ವಾಲುವುದರಿಂದ ಸಾರ್ವಜನಿಕ ರಸ್ತೆಗೆ ಒಯ್ಯಬಾರದು.

ಜೋಡಣೆಯ ಸಾಮಾನ್ಯ ಲೋಪಗಳು

ಮೇಲ್ತುದಿಯ ನಟ್ಟು

ಪಿಸ್ಟನ್ ಸರಳಿನ ಮೇಲ್ತುದಿಯ ನಟ್ಟನ್ನು ಬಿಗಿಯುವಾಗ ಸರಳು ತಾನೂ ತಿರುಗುತ್ತದೆ. ಸರಳನ್ನು ಅಲೆನ್ ಕೀ ಅಥವಾ ತಕ್ಕ ಸಾಧನದಿಂದ ಹಿಡಿದುಕೊಳ್ಳದೆ ಗಾಳಿಯೊತ್ತಡದ ಇಂಪ್ಯಾಕ್ಟ್ ಗನ್ ಬಳಸಿದರೆ, ನಟ್ಟು ಬಿಗಿಯಾದಂತೆ ತೋರಿದರೂ ನಿಗದಿತ ಬಿಗಿತಕ್ಕೆ ತಲುಪದಿರಬಹುದು. ವೇಗವಾಗಿ ತಿರುಗಿದ ಸರಳಿನಿಂದ ಒಳಗಿನ ಸೀಲ್ ಹಾಳಾಗಲೂಬಹುದು. ಸಣ್ಣ ಏರುತಗ್ಗಿನಲ್ಲಿ ಕೇಳುವ ಲೊಟಲೊಟ ಶಬ್ದಕ್ಕೆ ಮೊದಲು ಪರಿಶೀಲಿಸಬೇಕಾದ ಸ್ಥಳಗಳಲ್ಲಿ ಇದು ಒಂದು.

ಸ್ಪ್ರಿಂಗಿನ ಸ್ಥಾನ

ಕಾಯಿಲ್ ಸ್ಪ್ರಿಂಗಿನ ಕೆಳತುದಿಯು ಪೀಠದಲ್ಲಿರುವ ಮೆಟ್ಟಿಲಿನಂತಹ ತಡೆಯ ಬಳಿ ಕೂರಬೇಕು. ಅಲ್ಲಿಂದ ಸರಿದಿದ್ದರೆ ಅಥವಾ ರಬ್ಬರ್ ಮೆತ್ತೆ ಬಿಟ್ಟುಹೋಗಿದ್ದರೆ, ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಬಿಗಿದುಕೊಂಡು ಒಮ್ಮೆಲೆ ಚಿಮ್ಮುತ್ತದೆ. ಕೆಲವು ಕಾರುಗಳ ಮೌಂಟಿನ ಮೇಲೆ ದಿಕ್ಕನ್ನು ತೋರಿಸುವ ಗುರುತಿರುತ್ತದೆ. ಅದನ್ನು ಕಡೆಗಣಿಸಿ ಜೋಡಿಸಿದರೂ ಇದೇ ಫಲ.

ತಿರುಚಿದ ಬುಷ್

ಲೋವರ್ ಆರ್ಮಿನ ಬುಷ್‌ನಲ್ಲಿ ರಬ್ಬರು ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಬೋಲ್ಟನ್ನು ಬಿಗಿದಾಗ ಒಳಗಿನ ಕೊಳವೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅನಂತರದ ಚಲನೆಯೆಲ್ಲವೂ ರಬ್ಬರಿನ ತಿರುಚುವಿಕೆಯಿಂದಲೇ ನಡೆಯುತ್ತದೆ. ಚಕ್ರವು ಗಾಳಿಯಲ್ಲಿ ತೂಗಾಡುತ್ತಿರುವಾಗ ಈ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರನ್ನು ಇಳಿಸಿದೊಡನೆ ರಬ್ಬರು ತಿರುಚಿಕೊಂಡು, ನಿಂತಾಗಲೂ ಅದೇ ಸ್ಥಿತಿಯಲ್ಲಿ ಉಳಿಯುತ್ತದೆ. ಮೊದಲು ಕಿರುಗುಟ್ಟುವಿಕೆ ಆರಂಭವಾಗಿ, ಕ್ರಮೇಣ ರಬ್ಬರು ಹರಿಯುತ್ತದೆ. ಆದುದರಿಂದ ಕಾರಿನ ಭಾರವು ಚಕ್ರಗಳ ಮೇಲೆ ಬಿದ್ದ ಮೇಲೆ, ಅಥವಾ ಜಾಕ್‌ನಿಂದ ತೋಳನ್ನು ಅದೇ ಮಟ್ಟಕ್ಕೆ ಎತ್ತಿದ ಮೇಲೆ, ಕೊನೆಯ ಬಿಗಿತ ಕೊಡಬೇಕೆಂಬುದು ನಿಯಮ. ಈ ಲೋಪವನ್ನು ಸರಿಪಡಿಸಲು, ಬುಷ್ ಇನ್ನೂ ಹರಿಯದಿದ್ದಲ್ಲಿ, ಹೊಸ ಭಾಗ ಬೇಕಾಗಿಲ್ಲ. ಬೋಲ್ಟನ್ನು ಸಡಿಲಿಸಿ, ಸರಿಯಾದ ಎತ್ತರದಲ್ಲಿ ಮತ್ತೆ ಬಿಗಿದರೆ ಸಾಕು.

ಶಾಕ್ ಅಬ್ಸಾರ್ಬರಿನ ಒಳಗಿನ ಗಾಳಿ

ಎರಡು ಕೊಳವೆಗಳ ಶಾಕ್ ಅಬ್ಸಾರ್ಬರನ್ನು ಅಡ್ಡಲಾಗಿ ಇಟ್ಟಿದ್ದಾಗ ಒಳಗಿನ ಕೊಳವೆಗೆ ಗಾಳಿ ಸೇರಿಕೊಳ್ಳುತ್ತದೆ. ಜೋಡಿಸುವ ಮೊದಲು ಅದನ್ನು ನೆಟ್ಟಗೆ ಹಿಡಿದು ಹಲವು ಬಾರಿ ಪೂರ್ತಿ ಎಳೆದು ಒತ್ತಿದರೆ ಗಾಳಿ ಹೊರಬೀಳುತ್ತದೆ. ಹೀಗೆ ಮಾಡದಿದ್ದಲ್ಲಿ ಆರಂಭದಲ್ಲಿ ಟಪ್ ಟಪ್ ಎಂಬ ಶಬ್ದ ಕೇಳಿ, ಕೆಲಕಾಲದ ಓಡಾಟದ ಬಳಿಕ ತಾನಾಗಿ ನಿಲ್ಲಬಹುದು. ದಿನ ಕಳೆದಂತೆ ಕಡಿಮೆಯಾಗದೆ ಹೆಚ್ಚುತ್ತಿರುವ ಶಬ್ದವನ್ನು 'ಹೊಸದು, ಪಳಗುತ್ತದೆ' ಎಂದು ಬಿಟ್ಟುಬಿಡುವುದು ಸೂಕ್ತವಲ್ಲ.

ಇತರ ಲೋಪಗಳು

- ಬ್ರೇಕ್ ಪೈಪು ಮತ್ತು ಸೆನ್ಸರ್ ತಂತಿಯನ್ನು ಹಿಡಿಕೆಗೆ ಸಿಕ್ಕಿಸದೆ ಬಿಡುವುದು. ಇವು ಸ್ಟ್ರಟ್‌ಗೆ ಬಡಿದು ಸದ್ದು ಮಾಡುವುದಲ್ಲದೆ, ಟೈರಿಗೆ ಉಜ್ಜಿ ಹರಿಯಬಹುದು.
- ಕ್ಯಾಲಿಪರ್ ಬೋಲ್ಟನ್ನು ಬೆರಳಿನಿಂದ ತಿರುಗಿಸಿ, ಪೂರ್ತಿ ಬಿಗಿಯಲು ಮರೆಯುವುದು.
- ಬಾಲ್ ಜಾಯಿಂಟಿನ ಕಾಂಡದಲ್ಲಿರುವ ಗಾಡಿಗೆ ಬೋಲ್ಟು ಸರಿಯಾಗಿ ಹೊಂದದಿರುವುದು.
- ನಕಲ್ ಹೊರಕ್ಕೆ ವಾಲಿ ತೂಗಾಡಿದಾಗ ಡ್ರೈವ್ ಶಾಫ್ಟಿನ ಒಳತುದಿಯ ಕೀಲು ಎಳೆದು ಕಳಚುವುದು ಅಥವಾ ಅದರ ರಬ್ಬರ್ ಗವಸು ಹರಿಯುವುದು.
- ಒಂದು ಬಾರಿ ಮಾತ್ರ ಬಳಸಬೇಕಾದ ಲಾಕ್ ನಟ್ಟುಗಳನ್ನು ಮತ್ತೆ ಬಳಸುವುದು.

ಸುರಕ್ಷತೆ

ಈ ಕೆಳಗಿನ ಲಕ್ಷಣಗಳಿದ್ದಲ್ಲಿ ಸಂಚಾರ ಪರೀಕ್ಷೆಯನ್ನೂ ಕೈಬಿಟ್ಟು ಕಾರನ್ನು ನಿಲ್ಲಿಸಬೇಕು: ಶಬ್ದದೊಂದಿಗೆ ಸ್ಟಿಯರಿಂಗ್ ಒಂದು ಬದಿಗೆ ಎಳೆಯುವುದು, ಬ್ರೇಕ್ ಒತ್ತಿದಾಗ ಕಾರು ದಿಕ್ಕು ತಪ್ಪುವುದು, ಸ್ಟಿಯರಿಂಗ್ ತಿರುಗಿಸಿದರೂ ಚಕ್ರ ತಡವಾಗಿ ತಿರುಗುವುದು, ಚಕ್ರವು ವಾಲಿದಂತೆ ಕಾಣುವುದು, ಶಬ್ದ ಕೆಲವೇ ಕಿಲೋಮೀಟರುಗಳಲ್ಲಿ ತೀವ್ರವಾಗುವುದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರವು ಹೊರಕ್ಕೆ ಮಡಚಿಕೊಂಡು ಕಾರು ಚಾಲಕನ ಹಿಡಿತದಿಂದ ಪೂರ್ಣವಾಗಿ ತಪ್ಪುತ್ತದೆ. ಟೈ ರಾಡ್ ಕಳಚಿದರೆ ಆ ಚಕ್ರಕ್ಕೆ ಸ್ಟಿಯರಿಂಗ್ ಸಂಪರ್ಕವೇ ಇರುವುದಿಲ್ಲ. ಕಿವಿಯು ಶಬ್ದಕ್ಕೆ ಬೇಗ ಒಗ್ಗಿಕೊಳ್ಳುವುದರಿಂದ, ಮೊದಲ ದಿನ ಆತಂಕ ಹುಟ್ಟಿಸಿದ ಸದ್ದು ಕೆಲವೇ ವಾರಗಳಲ್ಲಿ ಗಮನಕ್ಕೆ ಬಾರದಂತಾಗುತ್ತದೆ. ದೋಷ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಪರೀಕ್ಷಿಸುವವರ ಸುರಕ್ಷತೆಯೂ ಅಷ್ಟೇ ಮುಖ್ಯ. ಜಾಕ್ ಒಂದರ ಮೇಲೆ ನಿಂತ ಅಥವಾ ಇಟ್ಟಿಗೆ, ಕಲ್ಲುಗಳನ್ನು ಆಧಾರವಾಗಿಟ್ಟ ಕಾರಿನ ಕೆಳಗೆ ಹೋಗಬಾರದು. ಸ್ಟ್ರಟ್‌ಗೆ ಸೇರಿದ ಸ್ಪ್ರಿಂಗ್ ಯಾವಾಗಲೂ ಒತ್ತಡದಲ್ಲಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಾಧನದಿಂದ ಅದನ್ನು ಕುಗ್ಗಿಸಿ ಹಿಡಿಯದೆ, ಕಾರಿನಿಂದ ಹೊರತೆಗೆದ ಸ್ಟ್ರಟ್‌ನ ನಡುವಿನ ನಟ್ಟನ್ನು ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಪ್ರಾಣಾಪಾಯ ಸಂಭವಿಸಬಹುದು.

ತಡೆಗಟ್ಟುವಿಕೆ

ಶಬ್ದವು ಹುಟ್ಟದಂತೆ ನೋಡಿಕೊಳ್ಳುವ ಕ್ರಮಗಳು ಸರಳವಾದವು. ಬೋಲ್ಟುಗಳನ್ನು ಅಂದಾಜಿನಿಂದ ಬಿಗಿಯದೆ, ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಈ ಬಿಗಿತವನ್ನು ನ್ಯೂಟನ್-ಮೀಟರ್ ಎಂಬ ಮಾನದಲ್ಲಿ ಹೇಳಲಾಗುತ್ತದೆ. ಹಲವು ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಇದು ಸುಮಾರು ೮೫ರಿಂದ ೧೧೦ ನ್ಯೂಟನ್-ಮೀಟರ್. ಸ್ಟ್ರಟ್ ಬದಲಿಸುವಾಗ ಎರಡೂ ಬದಿಗಳನ್ನು ಒಟ್ಟಿಗೆ ಬದಲಿಸುವುದು, ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ ಮತ್ತು ಧೂಳುಗವಸು ಸವೆದಿದ್ದರೆ ಅದೇ ವೇಳೆಯಲ್ಲಿ ಹೊಸದನ್ನು ಹಾಕುವುದು ರೂಢಿ. ಇವುಗಳಿಗಾಗಿ ಆಮೇಲೆ ಮತ್ತೆ ಸ್ಟ್ರಟ್ ಬಿಚ್ಚಬೇಕಾಗುವುದರಿಂದ ಕೂಲಿ ಎರಡು ಬಾರಿ ತಗಲುತ್ತದೆ.

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ನಕಲ್ ಬೋಲ್ಟುಗಳನ್ನು ಬಿಚ್ಚಿದಾಗ ಚಕ್ರದ ಕೋನ ಬದಲಾಗುವುದೇ ಇದಕ್ಕೆ ಕಾರಣ. ಕೋನ ತಪ್ಪಿದ್ದರೆ ಟೈರು ಅಸಮವಾಗಿ ಸವೆದು, ಕೆಲವು ತಿಂಗಳುಗಳ ಬಳಿಕ ಬೇರಿಂಗಿನ ಶಬ್ದವನ್ನೇ ಹೋಲುವ ಗುಂಗುಡುವಿಕೆ ಆರಂಭವಾಗುತ್ತದೆ. ಸುಮಾರು ೫೦ರಿಂದ ೧೦೦ ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಕೆಲಸದಲ್ಲಿ ಬಿಚ್ಚಿದ ಇತರ ಬೋಲ್ಟುಗಳ ಮೇಲೂ ಆಗಲೇ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ದುರಸ್ತಿಯ ನಂತರ ಶಬ್ದ ಉಳಿದುಕೊಂಡಲ್ಲಿ ವಾಹನದ ಮಾಲೀಕರು ಒದಗಿಸಬಹುದಾದ ಅತ್ಯಂತ ಉಪಯುಕ್ತ ಮಾಹಿತಿಯೆಂದರೆ ಒಂದು ಚಿಕ್ಕ ಟಿಪ್ಪಣಿ: ಶಬ್ದ ಆರಂಭವಾದ ದಿನ, ವೇಗ, ರಸ್ತೆಯ ಸ್ವರೂಪ, ಸ್ಟಿಯರಿಂಗಿನ ದಿಕ್ಕು, ಬ್ರೇಕ್ ಒತ್ತಿದಾಗ ಆಗುವ ವ್ಯತ್ಯಾಸ, ಎಂಜಿನ್ ಬಿಸಿಯಾಗಿದ್ದಾಗ ಅಥವಾ ಮಳೆ ಬಂದಾಗ ಆಗುವ ಬದಲಾವಣೆ. ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆದು ಕೆಲದಿನ ಇಟ್ಟುಕೊಂಡಿದ್ದರೆ, ಹೊಸ ಭಾಗದೊಂದಿಗೆ ಅವುಗಳ ಅಳತೆಯನ್ನು ಹೋಲಿಸಿ ನೋಡಲೂ, ಬಿಟ್ಟುಹೋದ ವಾಷರ್ ಅಥವಾ ಮೆತ್ತೆಯನ್ನು ಗುರುತಿಸಲೂ ಅನುಕೂಲವಾಗುತ್ತದೆ.